ಗುಳ್ಳದ ಹುಳಕ್ಕೆ ಮದ್ದು ತಾಗುತ್ತಿಲ್ಲ ಎಂದವರಿಗೆ

ಅಣ್ಣಾ, ಗುಳ್ಳಕ್ಕೆ, ಅಂದರೆ ಬದನೆಗೆ, ಒಂದೇ ಮದ್ದು ಸಿಂಪಡಿಸಿ ಸಿಂಪಡಿಸಿ ಹುಳಕ್ಕೆ ಅದು ಅಭ್ಯಾಸ ಆಗಿದೆ, ಡೋಸ್ ಹೆಚ್ಚು ಮಾಡಲಾ ಎಂದು ಕೇಳಿದ್ದೀರಿ. ಮಾಡಬೇಡಿ. ಯಾಕೆಂದು ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ, ಪುರುಸೊತ್ತಿನಲ್ಲಿ ಓದಿ.

ಹುಳಕ್ಕೆ ಅಭ್ಯಾಸ ಆಗುವುದು ಎಂತದೂ ಇಲ್ಲ. ಮದ್ದು ತಾಗಿದ್ದು ಸತ್ತೇ ಹೋಗುತ್ತದಲ್ಲ, ಕಲಿಯುವುದು ಯಾವಾಗ? ನೀವು ಮೊದಲ ಸಲ ಪಂಪು ಹಿಡಿಯುವ ಮುಂಚೆಯೇ ಆ ಸಾವಿರಾರು ಹುಳಗಳ ನಡುವೆ ಎಲ್ಲೋ ಒಂದೆರಡಕ್ಕೆ ವಿಷ ತಡೆಯುವ ಗುಣ ಹುಟ್ಟಿನಿಂದ ಇದ್ದಿರಬಹುದು. ವಂಶವಾಹಿಯಲ್ಲಿ ಅಕಸ್ಮಾತ್ ಆದ ಬದಲಾವಣೆ ಅದು. ಮದ್ದು ಬಿದ್ದಾಗ ಬಾಕಿಯವು ಸತ್ತವು, ಇವು ಬದುಕಿ ಮೊಟ್ಟೆ ಇಟ್ಟವು. ನಮ್ಮ ಸೆಕೆಗೆ ಕಾಯಿಕೊರಕದ, ಅಂದರೆ ಕುಡಿ ಮತ್ತು ಕಾಯಿ ಕೊರೆಯುವ ಈ ಹುಳದ, ಒಂದು ತಲೆಮಾರು ಸುಮಾರು ತಿಂಗಳಲ್ಲಿ ಮುಗಿಯುತ್ತದೆ, ಹಾಗಾಗಿ ಗದ್ದೆ ತುಂಬ ಅವುಗಳ ಸಂತಾನವೇ ಆಗಲು ಬಹಳ ವರ್ಷ ಬೇಡ.

ಡಾರ್ವಿನ್ 1859ರಲ್ಲಿ ವಿವರಿಸಿದ ನೈಸರ್ಗಿಕ ಆಯ್ಕೆಯೂ ಇದೇ. ಒಂದೇ ಜಾತಿಯೊಳಗೆ ವ್ಯತ್ಯಾಸ ಇರಬೇಕು, ಅದು ಮರಿಗಳಿಗೆ ದಾಟಬೇಕು, ಅದರಿಂದಾಗಿ ಕೆಲವಕ್ಕೆ ಹೆಚ್ಚು ಸಂತಾನ ಉಳಿಯಬೇಕು. ಬದಲಾಗುವುದು ಒಂದೊಂದು ಹುಳ ಅಲ್ಲ, ಇಡೀ ಹಿಂಡಿನ ಲೆಕ್ಕ. ಅಮೆರಿಕದ ಕೀಟತಜ್ಞ ಮೆಲಾಂಡರ್ 1914ರಲ್ಲೇ ಹಣ್ಣಿನ ತೋಟದ ಶಲ್ಕ ಕೀಟ (ಗಿಡಕ್ಕೆ ಅಂಟಿ ರಸ ಹೀರುವ ಹುಳ) ಗಂಧಕ-ಸುಣ್ಣದ ದ್ರಾವಣಕ್ಕೆ ಜಗ್ಗುತ್ತಿಲ್ಲ ಎಂದು ಬರೆದಿದ್ದರು. ಆಗ ಡಿಡಿಟಿ ಎಂಬ ಕೀಟನಾಶಕ ಕೂಡ ಬಳಕೆಗೆ ಬಂದಿರಲಿಲ್ಲ.

ನೀವು ಬೆಳೆಯುವ, ಉಡುಪಿ ಹತ್ತಿರದ ಮಟ್ಟು ಊರಿನ ಗುಳ್ಳವನ್ನೇ ನೋಡಿ. ಯತಿ ವಾದಿರಾಜರು ಕೊಟ್ಟ ಬೀಜ ಎಂದು ನಂಬಿಕೆ, ಇರಲಿ. ಆದರೆ ತಿಳಿಹಸಿರು ಮೈ, ಬಿಳಿ ಗೀರು, ಮುಳ್ಳಿನ ತೊಟ್ಟು ಹೀಗೇ ಉಳಿದದ್ದು ಒಳ್ಳೆ ಕಾಯಿಯನ್ನೇ ಬೀಜಕ್ಕೆ ಬಿಟ್ಟ ರೈತರಿಂದ. 2011ರಲ್ಲಿ ಜಿಐ (ಇಂಥ ಊರಿನದ್ದೇ ಎಂಬ ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಿದ್ದಕ್ಕೂ ಅದೇ ಆಧಾರ ಎಂದು ನಾನು ಹೇಳುತ್ತೇನೆ. ಗುಳ್ಳವನ್ನು ಬೇಕೆಂದೇ ಆರಿಸಿದೆವು, ಹುಳವನ್ನು ಮದ್ದಿನ ಪಂಪಿನಿಂದ ಗೊತ್ತಿಲ್ಲದೆ ಆರಿಸುತ್ತಿದ್ದೇವೆ.

ಇನ್ನು ಕೆಲಸದ ಮಾತು. ಮೊದಲು ಇದು ನಿರೋಧಕತೆಯೇ, ಅಂದರೆ ಹುಳ ಮದ್ದು ತಡೆಯುವುದೇ, ಹೌದಾ ನೋಡಿ. ಮೊಟ್ಟೆಯಿಂದ ಹೊರಬಿದ್ದ ಮರಿ ಕೆಲವೇ ಗಂಟೆಗಳಲ್ಲಿ ಕುಡಿಯೊಳಗೋ ಕಾಯಿಯೊಳಗೋ ಹೊಕ್ಕುಬಿಡುತ್ತದೆ, ಆಮೇಲೆ ಎಷ್ಟು ಒಳ್ಳೆ ಮದ್ದಾದರೂ ಹೊರಗೇ. ಎಷ್ಟೋ ಸಲ ತಪ್ಪು ಇರುವುದು ಮದ್ದು ಹೊಡೆದ ಸಮಯದಲ್ಲಿ. ಡೋಸ್ ಏರಿಸಿದರೆ ಇನ್ನೂ ಗಟ್ಟಿ ಹುಳ ಮಾತ್ರ ಉಳಿಯುತ್ತದೆ, ಜೊತೆಗೆ ಅದನ್ನು ತಿನ್ನುವ ಕಣಜಗಳು ಸಾಯುತ್ತವೆ. ಲೇಬಲ್‌ನಲ್ಲಿದ್ದಕ್ಕಿಂತ ಕಡಿಮೆ ಹಾಕಿದರೂ ಅರೆಬರೆ ತಡೆಯುವವು ಬಚಾವಾಗುತ್ತವೆ.

ಮದ್ದು ಬದಲಿಸುವಾಗ ಡಬ್ಬಿಯ ಹೆಸರು ನೋಡಬೇಡಿ, ಒಳಗಿನ ರಾಸಾಯನಿಕ ನೋಡಿ. ಕ್ಲೋರಾಂಟ್ರನಿಲಿಪ್ರೋಲ್ ಬಿಟ್ಟು ಫ್ಲುಬೆಂಡಿಯಮೈಡ್ ಹಿಡಿದರೆ ಬದಲಾದ ಹಾಗಲ್ಲ ಮಾರಾಯ್ರೆ, ಎರಡೂ ಹುಳದ ಸ್ನಾಯುವಿಗೆ ಒಂದೇ ಜಾಗದಲ್ಲಿ ಹೊಡೆಯುವವು. ಸೈಪರ್‌ಮೆಥ್ರಿನ್, ಲ್ಯಾಂಬ್ಡಾ ಸೈಹಲೋಥ್ರಿನ್ ಕೂಡ ಹಾಗೆಯೇ, ಒಂದೇ ಗುಂಪು. ಒಂದು ತಲೆಮಾರಿಗೆ ಒಂದು ಗುಂಪು, ಮುಂದಿನದಕ್ಕೆ ಬೇರೆ.

ಎಲ್ಲಕ್ಕಿಂತ ನನಗೆ ನಂಬಿಕೆ ಕತ್ತರಿಯ ಮೇಲೆ. ಬಾಡಿದ ಕುಡಿಯನ್ನು ಹುಳದ ಸಮೇತ ಕತ್ತರಿಸಿ, ತೂತಾದ ಕಾಯಿಯನ್ನೂ ಕೊಯ್ದು, ಎರಡನ್ನೂ ಸುಟ್ಟುಬಿಡಿ. ಗದ್ದೆಯ ಬದಿಗೆ ಎಸೆಯಬೇಡಿ, ಅಲ್ಲೇ ಪತಂಗ ಆಗುತ್ತದೆ. ಮದ್ದಿಗೆ ಜಗ್ಗದ ಹುಳವೂ ಕತ್ತರಿಗೆ ಜಗ್ಗುತ್ತದೆ. ಆಚೀಚೆ ಗದ್ದೆಯವರೂ ಒಂದೇ ವಾರ ಮಾಡಿದರೆ ಹೆಚ್ಚು ಪ್ರಯೋಜನ. ಲಿಂಗಾಕರ್ಷಕ ಬಲೆಯನ್ನೂ (ಹೆಣ್ಣು ಪತಂಗದ ವಾಸನೆ ಇಟ್ಟ ಬಲೆ) ಇಡಿ, ಆದರೆ ಅದಕ್ಕೆ ಗಂಡು ಪತಂಗ ಮಾತ್ರ ಬೀಳುವುದು.

ಈಗ ಸಿಂಪಡಿಸುತ್ತಿರುವ ಮದ್ದಿನ ಲೇಬಲ್ ಫೋಟೋ ಹಾಕಿ, ಯಾವ ಗುಂಪಿನದ್ದು ನೋಡಿ ಹೇಳುತ್ತೇನೆ. ಅಷ್ಟರವರೆಗೆ ಪಂಪು ಮುಟ್ಟಬೇಡಿ.