ಮನೆಯ ದುಡ್ಡಿನ ಕಷ್ಟ ನಾಲ್ಕು ವರ್ಷದ ಮಗುವಿಗೆ ಗೊತ್ತಾಗುತ್ತಾ?

ಒಂದು ತಿಂಗಳು ಕೆಲಸ ಇದ್ದರೆ ಇನ್ನೊಂದು ತಿಂಗಳು ಇರಲ್ಲ, ಮಗಳಿಗೆ ನಾಲ್ಕು ವರ್ಷ, ಅವಳಿಗೆ ಇದೆಲ್ಲ ಗೊತ್ತಾಗುತ್ತಾ, ಮುಚ್ಚಿಡಬೇಕಾ ಎಂದು ಕೇಳಿದ್ದೀರಿ.

ಗೊತ್ತಾಗುತ್ತೆ. ಬಾಡಿಗೆ, ಸಾಲ ಅಂದರೇನು ಅಂತ ಅವಳಿಗೆ ತಿಳಿಯದಿರಬಹುದು. ಆದರೆ ನಿಮ್ಮ ದನಿ ಬದಲಾದದ್ದು, ಬಾಗಿಲು ಬಡಿದಾಗ ನೀವು ಬೆಚ್ಚಿದ್ದು, ರಾತ್ರಿ ಇಬ್ಬರೂ ಪಿಸುಗುಟ್ಟಿದ್ದು ಎಲ್ಲಾ ತಿಳಿಯುತ್ತೆ.

ನಾನು ಇದೇ ವಯಸ್ಸಿನ ಮಕ್ಕಳ ಜೊತೆ ಕೆಲಸ ಮಾಡುತ್ತೇನೆ. ಒಬ್ಬ ಹುಡುಗ ತಿನ್ನೋಕೆ ಕೊಟ್ಟದ್ದರಲ್ಲಿ ಅರ್ಧ ತಿಂದು, ಉಳಿದದ್ದನ್ನು ಜೇಬಿಗೆ ತುರುಕುತ್ತಿದ್ದ. ಯಾಕೆ ಅಂದರೆ "ನಾಳೆಗೆ" ಅಂದ. ಅಷ್ಟು ಹೊತ್ತಿಗಾಗಲೇ ಅವನ ಅಪ್ಪನಿಗೆ ಕೆಲಸ ಸಿಕ್ಕಿತ್ತು, ಮನೆಯಲ್ಲಿ ಊಟಕ್ಕೇನೂ ಕೊರತೆ ಇರಲಿಲ್ಲ. ದುಡ್ಡು ಬಂದಿತ್ತು, ಅವನಿಗೆ ನಂಬಿಕೆ ಮಾತ್ರ ಬಂದಿರಲಿಲ್ಲ. ಕಡಿಮೆ ಆದಾಯ ಒಂದು ಕಷ್ಟ. ನಾಳೆ ಏನೋ ಎಂತೋ ಅನ್ನೋದು ಅದರ ಮೇಲಿನ ಇನ್ನೊಂದು ಕಷ್ಟ, ಚಿಕ್ಕ ಮಕ್ಕಳನ್ನು ಅದು ಜಾಸ್ತಿ ಕಾಡುತ್ತೆ. ಮಿದುಳು ಭರದಿಂದ ಬೆಳೆಯುವ ವಯಸ್ಸಿದು. ದಿನವೂ ಆತಂಕದಲ್ಲೇ ಕಳೆದರೆ ನಿದ್ದೆ, ಗಮನ, ಕಲಿಕೆ ಎಲ್ಲಕ್ಕೂ ಪೆಟ್ಟು ಬೀಳುತ್ತೆ.

ಇದು ನಿಮ್ಮ ಸೋಲು ಅಂತ ಮಾತ್ರ ದಯವಿಟ್ಟು ಅಂದುಕೊಳ್ಳಬೇಡಿ. ಯುನಿಸೆಫ್ ಮತ್ತು ವಿಶ್ವ ಬ್ಯಾಂಕ್ ಅಂದಾಜಿನಂತೆ 2022ರಲ್ಲಿ ಜಗತ್ತಿನಲ್ಲಿ 33.3 ಕೋಟಿ ಮಕ್ಕಳು ಕಡುಬಡತನದಲ್ಲಿದ್ದರು. ಇಷ್ಟೊಂದು ಅಪ್ಪ ಅಮ್ಮಂದಿರು ಸೋಮಾರಿಗಳಾಗಿರಲು ಸಾಧ್ಯವೇ ಇಲ್ಲ ಅಲ್ವಾ? ಅಮೆರಿಕದಲ್ಲಿ 2021ರಲ್ಲಿ ಸರ್ಕಾರ ಮಕ್ಕಳಿರುವ ಮನೆಗಳಿಗೆ ಕೊಡುವ ನೆರವನ್ನು ಹೆಚ್ಚಿಸಿತು, ಅದರಲ್ಲಿ ಒಂದು ಪಾಲನ್ನು ಜುಲೈನಿಂದ ತಿಂಗಳು ತಿಂಗಳು ಕೊಟ್ಟಿತು. ಅಲ್ಲಿ ನೆರವನ್ನೂ ಲೆಕ್ಕಕ್ಕೆ ಹಿಡಿಯುವ ಅಳತೆಯಲ್ಲಿ ಬಡ ಮಕ್ಕಳ ಪ್ರಮಾಣ ಶೇ 5.2ಕ್ಕೆ ಇಳಿಯಿತು. ಆ ಹೆಚ್ಚುವರಿ ನೆರವು ನಿಂತ ಮೇಲೆ, 2022ರಲ್ಲಿ, ಶೇ 12.4ಕ್ಕೆ ಏರಿತು. ಒಂದೇ ವರ್ಷದಲ್ಲಿ! ಆ ಅಪ್ಪ ಅಮ್ಮಂದಿರು ಅಷ್ಟರಲ್ಲಿ ಬದಲಾಗಿಬಿಟ್ಟಿದ್ದರಾ? ಹಾಗಾಗಿ ನಿಮಗೆ ಸಿಗಬೇಕಾದ ನೆರವು ಯಾವುದಾದರೂ ಇದ್ದರೆ ಸಂಕೋಚವಿಲ್ಲದೆ ತಗೊಳ್ಳಿ. ಅದು ಮಗುವಿನ ಹಕ್ಕು.

ಇನ್ನು ಮುಚ್ಚಿಡುವ ವಿಷಯ. ಪೂರ್ತಿ ಮುಚ್ಚಿಟ್ಟರೆ ತನ್ನಿಂದಲೇ ಏನೋ ತಪ್ಪಾಗಿದೆ ಅಂತ ಮಗು ಅಂದುಕೊಳ್ಳುತ್ತೆ. "ಈ ತಿಂಗಳು ದುಡ್ಡು ಸ್ವಲ್ಪ ಕಮ್ಮಿ. ಅದಕ್ಕೆ ನೀನು ಕಾರಣ ಅಲ್ಲ. ನಾವು ನೋಡ್ಕೋತೀವಿ" ಅಂದರೆ ಸಾಕು. ಸಾಲದ ಲೆಕ್ಕ ಅವಳ ಮುಂದೆ ಬೇಡ. ದುಡ್ಡಿಲ್ಲದೆಯೂ ತಪ್ಪದೆ ನಡೆಯುವಂಥದ್ದು ಏನಾದರೂ ಇಟ್ಟುಕೊಳ್ಳಿ: ಒಂದೇ ಹೊತ್ತಿಗೆ ಮಲಗೋದು, ಮಲಗುವ ಮುಂಚೆ ಒಂದು ಕಥೆ.

ಒಂದು ವಿಷಯ ಮಾತ್ರ ಗಮನಿಸಿ. "ನಮ್ಮ ಮಗು ಏನೂ ಕೇಳಲ್ಲ, ತುಂಬಾ ಒಳ್ಳೆಯದು" ಅಂತ ಎಷ್ಟೋ ಜನ ಹೆಮ್ಮೆಯಿಂದ ಹೇಳುತ್ತಾರೆ. ನನಗೆ ಅಂಥ ಮಕ್ಕಳದ್ದೇ ಚಿಂತೆ. ನಾಲ್ಕು ವರ್ಷಕ್ಕೇ ಕೇಳೋದನ್ನು ಬಿಟ್ಟ ಮಗು, ಕೇಳಿದರೆ ಮನೆಯವರಿಗೆ ನೋವಾಗುತ್ತೆ ಅಂತ ಕಲಿತಿರಬಹುದು. ನಿಮ್ಮ ಮಗಳು ಏನಾದರೂ ಬೇಕು ಅಂತ ಹಟ ಹಿಡಿದರೆ ಗದರಬೇಡಿ. "ಈಗ ಆಗಲ್ಲ ಪುಟ್ಟಿ, ಆದರೆ ನಿನಗದು ಇಷ್ಟ ಅಂತ ನನಗೆ ಗೊತ್ತಾಯ್ತು" ಅನ್ನಿ.