ಹಳೆಯ ಫ್ಯಾಮಿಕಾಮ್ ಶೂಟಿಂಗ್ ಗೇಮ್‌ಗಳಲ್ಲಿ ವಿಮಾನ, ಗುಂಡುಗಳು ಮಿಣುಕುವುದೇಕೆ?

ನಿಮ್ಮ ಟಿವಿಯೂ ಕೆಟ್ಟಿಲ್ಲ, ಕ್ಯಾಸೆಟ್ಟೂ ಕೆಟ್ಟಿಲ್ಲ. 1983ರಲ್ಲಿ ಬಂದ ನಿಂಟೆಂಡೊ ಕಂಪನಿಯ ಗೇಮ್ ಯಂತ್ರ ಫ್ಯಾಮಿಕಾಮ್‌ನ ಚಿತ್ರದ ಚಿಪ್ ಒಂದು ಸಲಕ್ಕೆ 64 ಸ್ಪ್ರೈಟ್‌ಗಳನ್ನು, ಅಂದರೆ ಓಡಾಡುವ ಪುಟ್ಟ ಚಿತ್ರದ ತುಂಡುಗಳನ್ನು, ತೋರಿಸಬಲ್ಲದು. ಆದರೆ ಪರದೆಯ ಒಂದು ಅಡ್ಡಗೆರೆಯಲ್ಲಿ 8 ಮಾತ್ರ. ಒಂಬತ್ತನೆಯದು ಆ ಗೆರೆಯಲ್ಲಿ ಕಾಣುವುದೇ ಇಲ್ಲ.

ಒಂದು ತುಂಡಿನ ಅಗಲ ಬರೀ 8 ಪಿಕ್ಸೆಲ್. ಒಂದು ವಿಮಾನಕ್ಕೇ ಎರಡು ಮೂರು ತುಂಡು ಬೇಕಾಗುತ್ತವೆ. ಪಕ್ಕಕ್ಕೆ ಸರಿಯುವ ಗೇಮ್‌ನಲ್ಲಿ ವಿಮಾನ, ಅದರ ಗುಂಡು, ಎದುರಿನ ಶತ್ರು ಎಲ್ಲವೂ ಒಂದೇ ಸಾಲಿನಲ್ಲಿ ಬರುತ್ತವೆ ಅಲ್ವಾ? ಎಂಟರ ಲೆಕ್ಕ ಬೇಗ ಮುಗಿದುಹೋಗುತ್ತದೆ.

ಹಾಗೇ ಬಿಟ್ಟರೆ ಕೆಲವು ಗುಂಡುಗಳು ಕಾಣದೆಯೇ ನಿಮ್ಮನ್ನು ಕೊಲ್ಲುತ್ತವೆ. ಅದಕ್ಕೇ ಪ್ರೋಗ್ರಾಂ ಬರೆಯುವವರು ಪ್ರತಿ ಫ್ರೇಮ್‌ಗೂ, ಅಂದರೆ ಪರದೆಯ ಚಿತ್ರ ಹೊಸದಾಗಿ ಮೂಡುವ ಪ್ರತಿ ಸಲವೂ, ಸ್ಪ್ರೈಟ್‌ಗಳ ಸರದಿ ಬದಲಿಸುತ್ತಿದ್ದರು. ಈ ಸಲ ಒಂದು ಮಾಯ, ಮುಂದಿನ ಸಲ ಇನ್ನೊಂದು. ಸೆಕೆಂಡಿಗೆ 60 ಫ್ರೇಮ್ ಓಡುವಾಗ ಅದೇ ಮಿಣುಕಾಟವಾಗಿ ಕಾಣುತ್ತದೆ. ನನ್ನ ಪ್ರಕಾರ ಇದು ತಪ್ಪಲ್ಲ, ಆಟಗಾರನ ಮೇಲಿನ ಕಾಳಜಿ.

ಈ ಮಿತಿ ಎಷ್ಟು ಬಿಗಿ ಅನ್ನುವುದಕ್ಕೆ ಕೊನಾಮಿ ಕಂಪನಿಯ ಗ್ರೇಡಿಯಸ್ ಗೇಮ್ ನೋಡಿ. 1985ರ ಆರ್ಕೇಡ್ (ನಾಣ್ಯ ಹಾಕಿ ಆಡುವ) ಯಂತ್ರದಲ್ಲಿ ವಿಮಾನದ ಹಿಂದೆ ತಾವೂ ಗುಂಡು ಹಾರಿಸುವ ನಾಲ್ಕು ‘ಆಪ್ಷನ್’ ಉಂಡೆಗಳು ಹಾರುತ್ತಿದ್ದವು. 1986ರ ಫ್ಯಾಮಿಕಾಮ್ ಆವೃತ್ತಿಯಲ್ಲಿ ಎರಡೇ.