ಕೋವಿಡ್ ಆದ ಮೇಲೆ ಮೈಯೊಳಗೆ ನಡುಕ, ಹೊರಗೆ ಮಾತ್ರ ಕಾಣಲ್ಲ. ಏನು ಮಾಡಬೇಕು?

ಚಿಂತಾಮಣಿಯಿಂದ ಕೇಳಿದ್ದೀರಿ: ರಾತ್ರಿ ಮಲಗಿದಾಗ ಎದೆ, ತೊಡೆಯೊಳಗೆ ಮೊಬೈಲ್ ವೈಬ್ರೇಟ್ ಆದಂತಾಗುತ್ತೆ, ಮನೆಯವರು ಕೈಯಿಟ್ಟರೆ ಏನೂ ತಿಳಿಯಲ್ಲ ಅಂತ. ಇದು ಭ್ರಮೆಯಲ್ಲ, ದೀರ್ಘ ಕೋವಿಡ್‌ನಲ್ಲಿ (ಸೋಂಕು ಹೋದ ಮೇಲೂ ತಿಂಗಳುಗಟ್ಟಲೆ ಉಳಿಯುವ ತೊಂದರೆ) ಅನೇಕರು ಹೇಳುವ ಲಕ್ಷಣ. ಕಾರಣ ಇನ್ನೂ ಖಚಿತವಾಗಿಲ್ಲ.

ಮೊದಲು ಕೈ ಚಾಚಿ, ಬೆರಳುಗಳ ಮೇಲೊಂದು ಹಾಳೆ ಇಡಿ. ಅಂಚು ಪಟಪಟ ಅಂದರೆ ಅದು ಹೊರನಡುಕ: ಥೈರಾಯ್ಡ್ ಹೆಚ್ಚಾಗಿರಬಹುದು, ಇಲ್ಲವೇ ಅಸ್ತಮಾ ಪಂಪ್‌ನ ಸಾಲ್ಬುಟಮಾಲ್ ಇರಬಹುದು. ಅಲುಗದಿದ್ದರೂ ರಕ್ತದಲ್ಲಿ ಟಿಎಸ್‌ಎಚ್ (ಥೈರಾಯ್ಡ್ ಪರೀಕ್ಷೆ), ವಿಟಮಿನ್ ಬಿ12, ಸಕ್ಕರೆ, ಕ್ಯಾಲ್ಸಿಯಂ ನೋಡಿಸಿ. ವರ್ಷಗಟ್ಟಲೆ ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಮಾತ್ರೆ ನುಂಗುವ ಸಸ್ಯಾಹಾರಿಗಳಲ್ಲಿ ಬಿ12 ಕುಸಿಯೋದುಂಟು. ಬಿ12 ಇಂಜೆಕ್ಷನ್ ಹಾಕಿಸಿಕೊಂಡು ಆಮೇಲೆ ರಕ್ತ ಕೊಟ್ಟರೆ ರಿಪೋರ್ಟ್ ಸುಳ್ಳು ಹೇಳುತ್ತೆ (ಈ ತಪ್ಪು ಬಹಳ ಜನ ಮಾಡ್ತಾರೆ).

ಮುಂದೆ ನಾಡಿ. 10 ನಿಮಿಷ ಮಲಗಿ ಎಣಿಸಿ. ಎದ್ದು ಗೋಡೆಗೊರಗಿ 10 ನಿಮಿಷ ನಿಂತು, ಎರಡೆರಡು ನಿಮಿಷಕ್ಕೊಮ್ಮೆ ಎಣಿಸಿ ಬರೆದಿಡಿ. ತಲೆ ಸುತ್ತಬಹುದು, ಪಕ್ಕದಲ್ಲಿ ಯಾರಾದರೂ ಇರಲಿ. ಬಿಪಿ ಇಳಿಯದೆ ನಾಡಿ ಮಾತ್ರ, ಮಲಗಿದ್ದಾಗಿನದಕ್ಕಿಂತ ನಿಮಿಷಕ್ಕೆ 30 ಅಥವಾ ಹೆಚ್ಚು ಬಡಿತ ಏರಿ ಹಾಗೇ ಉಳಿದರೆ ‘ಪಾಟ್ಸ್’ (ಎದ್ದು ನಿಂತಾಗ ನಾಡಿ ವಿಪರೀತ ಏರುವ ತೊಂದರೆ) ಅನುಮಾನ. ಆ ಚೀಟಿಯನ್ನೇ ಫಿಸಿಷಿಯನ್‌ಗೆ ತೋರಿಸಿ. ಅದಕ್ಕೆ ನೀರು, ಉಪ್ಪು ಹೆಚ್ಚಿಸಲು ಹೇಳ್ತಾರೆ. ಬಿಪಿ, ಕಿಡ್ನಿ ತೊಂದರೆ ಇದ್ದವರು ಕೇಳದೆ ಉಪ್ಪು ಹೆಚ್ಚಿಸಬೇಡಿ.

ಸಂಜೆ ಕಾಫಿ ಎರಡು ವಾರ ಬಿಟ್ಟು ನೋಡಿ. ಹೊಲದಲ್ಲಿ ದಣಿದ ಮರುದಿನ ನಡುಕ ಏರಿದರೆ, ಕೆಲಸವನ್ನು ತುಂಡುತುಂಡಾಗಿ ಮಾಡಿ. ‘ಓಡಾಡಿದರೆ ಸರಿಹೋಗುತ್ತೆ’ ಅನ್ನೋ ಸಲಹೆ ಇಂಥವರಿಗೆ ಕೆಡುಕೇ. ಮಾತು ತೊದಲಿದರೆ, ದೇಹದ ಒಂದು ಪಕ್ಕ ಸೋತರೆ ಮಾತ್ರ ಕಾಯಬೇಡಿ, ಆ ಕ್ಷಣವೇ ಆಸ್ಪತ್ರೆಗೆ ಹೊರಡಿ.